ನಂಬಿ ಕೆಟ್ಟವರ ನಿರ್ದೇಶಕ

ಕಸಾಯಿ ಅಂಗಡಿಯವನ ಮುಂದೆ ತಬರಶೆಟ್ಟಿ ಇಡುವ ಬೇಡಿಕೆಯಷ್ಟು ಭಯಂಕರವಾದದ್ದನ್ನು ಕನ್ನಡ ಸಿನಿಮಾದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಕೊಳೆಯುತ್ತಾ ಮೇಲೇರುತ್ತಿದೆ. ಕಾಲು ಕತ್ತರಿಸಬೇಕು, ಅದಕ್ಕೆ ಹಣ ಬೇಕು. ಹಣ ಪಿಂಚಣಿಯಲ್ಲಿದೆ, ಪಿಂಚಣಿ ಫೈಲಿನಲ್ಲಿದೆ, ಫೈಲು ಯಾರದೋ ಮೇಜಿನ ಮೇಲಿದೆ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಅವನಿಗೆ ಹೊಳೆಯುವ ದಾರಿ ಇದೊಂದೇ: ಮೂಳೆ ಕಡಿಯುವುದು ಕಟುಕನಿಗೂ ಗೊತ್ತಲ್ಲ, ಅವನನ್ನೇ ಕೇಳೋಣ. ಹೆಂಡತಿಯ ಕಾಲನ್ನು ಕತ್ತರಿಸಿಕೊಡು ಎಂದು ಅವನು ಕೇಳಿಕೊಳ್ಳುತ್ತಾನೆ. ಅವನ ಪಾಲಿಗೆ ಅದು ಹುಚ್ಚಿನ ಮಾತೇನಲ್ಲ, ಲೆಕ್ಕ ಹಾಕಿ ತಲುಪಿದ ತೀರ್ಮಾನ. ನೋಡುವ ನಮಗೆ ಮಾತ್ರ ಕುಳಿತಲ್ಲಿ ಕುಳಿತಿರಲು ಆಗುವುದಿಲ್ಲ.

ಪೂರ್ಣಚಂದ್ರ ತೇಜಸ್ವಿ ಬರೆದ ‘ತಬರನ ಕತೆ’ಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದ್ದು 1980ರ ದಶಕದ ನಡುವಿನಲ್ಲಿ. 1986ರ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಚಾರುಹಾಸನ್ ವೃತ್ತಿಯಿಂದ ವಕೀಲರಾಗಿದ್ದವರು. ನ್ಯಾಯಾಲಯದ ಮೊಗಸಾಲೆಯಲ್ಲಿ ಕಾಗದದ ಕಟ್ಟು ಹಿಡಿದು ಕಾಯುವ ಮುಖಗಳನ್ನು ಅವರು ಸಾಕಷ್ಟು ಕಂಡಿರಬೇಕು. ಅಧಿಕಾರಿಯ ಎದುರು ಬಾಗುವ ಆ ಬೆನ್ನು, ‘ನಾಳೆ ಬಾ’ ಎಂದಾಗ ಅದನ್ನು ಭರವಸೆಯೆಂದೇ ತಿಳಿದು ಹಿಂದಿರುಗುವ ಆ ನಡಿಗೆ ಬರೀ ಅಭಿನಯದಿಂದ ಬರುವಂಥದ್ದಲ್ಲ.

ತಬರ ಬ್ರಿಟಿಷರ ಕಾಲದಲ್ಲಿ ಸರ್ಕಾರಿ ಚಾಕರಿಗೆ ಸೇರಿದವನು. ಸರ್ಕಾರ ಬದಲಾದರೂ ಅವನ ನಿಷ್ಠೆ ಬದಲಾಗಲಿಲ್ಲ. ಸರ್ಕಾರವೆಂದರೆ ಅವನಿಗೆ ಒಂದು ದೊಡ್ಡ ಮನೆತನವಿದ್ದಂತೆ. ಅಲ್ಲಿ ದುಡಿದವನನ್ನು ಅದು ಕೈಬಿಡುವುದಿಲ್ಲ. ಕಾಫಿ ಬೆಳೆಗಾರರಿಂದ ತೆರಿಗೆ ವಸೂಲು ಮಾಡುವ ಕೆಲಸ ತಲೆಯ ಮೇಲೆ ಬಿದ್ದು, ಲೆಕ್ಕದಲ್ಲಿ ಬಾಕಿ ನಿಂತು, ಆ ಬಾಕಿ ಅವನ ಹೆಸರಿಗೆ ಅಂಟಿಕೊಂಡಾಗಲೂ ಅವನು ಸರ್ಕಾರವನ್ನು ಬೈಯುವುದಿಲ್ಲ. ಸಾಹೇಬರಿಗೆ ವಿಷಯ ಗೊತ್ತಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುತ್ತಾನೆ. ಸ್ವಾತಂತ್ರ್ಯದ ಬಗ್ಗೆ ನಮ್ಮಲ್ಲಿ ಬಂದ ಎಷ್ಟೋ ಸಿನಿಮಾಗಳು ವ್ಯವಸ್ಥೆಯ ಕೇಡನ್ನು ತೋರಿಸಿವೆ. ಆ ವ್ಯವಸ್ಥೆಯನ್ನು ನಂಬಿದವನ ಮುಖವನ್ನು ಇಷ್ಟು ಹತ್ತಿರದಿಂದ ತೋರಿಸಿದ್ದು ಕಡಿಮೆ.

ನಂಬಿ ಕೆಟ್ಟವರಿಲ್ಲ ಎನ್ನುವುದು ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುವ ಮಾತು. ಕಾಸರವಳ್ಳಿಯವರ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ಮತ್ತೆ ನೋಡುತ್ತಾ ಹೋದಂತೆ ನನಗೆ ಸ್ಪಷ್ಟವಾದದ್ದು ಇದು: ಈ ನಿರ್ದೇಶಕರ ಚಿತ್ರಗಳಲ್ಲಿ ನಾವು ಕಾಣುವುದೆಲ್ಲ ನಂಬಿ ಕೆಟ್ಟವರನ್ನೇ. ಒಬ್ಬ ಸರ್ಕಾರವನ್ನು ನಂಬಿದ, ಒಬ್ಬಳು ಜಮಾತನ್ನು ನಂಬಿದಳು, ಒಬ್ಬಳು ಗಂಡನನ್ನು, ಒಬ್ಬಳು ಊರನ್ನು, ಒಬ್ಬ ತನ್ನ ಕನಸನ್ನು. ಅವರ ನಂಬಿಕೆಯನ್ನು ನಿರ್ದೇಶಕರು ದಡ್ಡತನವೆಂದು ಎಲ್ಲಿಯೂ ಹೀಗಳೆಯುವುದಿಲ್ಲ. ಆ ಗೌರವವೇ ನನ್ನನ್ನು ಮತ್ತೆ ಮತ್ತೆ ಈ ಚಿತ್ರಗಳ ಬಳಿಗೆ ಕರೆತರುತ್ತದೆ.

ಕಾಸರವಳ್ಳಿ ಹುಟ್ಟಿದ್ದು 1950ರ ಡಿಸೆಂಬರ್ 3ರಂದು, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಅಡಿಕೆ ತೋಟ, ಯಕ್ಷಗಾನ, ಪುಸ್ತಕ ಓದುವ ಮನೆ, ಸ್ವಾತಂತ್ರ್ಯ ಹೋರಾಟದ ನಂಟಿದ್ದ ತಂದೆ. ಹೆಗ್ಗೋಡಿನಲ್ಲಿ ನೀನಾಸಮ್ ರಂಗಸಂಸ್ಥೆ ಕಟ್ಟಿದ ಕೆ. ವಿ. ಸುಬ್ಬಣ್ಣ ಸೋದರಮಾವ. ಓದಿದ್ದು ಮಣಿಪಾಲದಲ್ಲಿ ಫಾರ್ಮಸಿ. ಔಷಧ ಉದ್ಯಮದಲ್ಲಿ ನೆಮ್ಮದಿಯ ನೌಕರಿ ಸಿಗುವ ಓದು ಅದು. ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋಗುವುದೆಂದರೆ ಎಪ್ಪತ್ತರ ದಶಕದ ಮಲೆನಾಡಿನ ಮನೆಯೊಂದರಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಪುಣೆಯಲ್ಲಿ ಚಿನ್ನದ ಪದಕ ಪಡೆದರು. ಅಲ್ಲಿ ಅವರು ಮಾಡಿದ ‘ಅವಶೇಷ್’ ಎಂಬ ಕಿರುಚಿತ್ರಕ್ಕೂ ರಾಷ್ಟ್ರ ಮಟ್ಟದ ಮನ್ನಣೆ ಸಿಕ್ಕಿತು. ಜಪಾನಿನ ನಿರ್ದೇಶಕ ಓಝು ತಮ್ಮ ಮೇಲೆ ಬೀರಿದ ಪ್ರಭಾವವನ್ನು ಕಾಸರವಳ್ಳಿಯವರೇ ಹೇಳಿಕೊಂಡಿದ್ದಾರೆ. ಅವರ ಚೌಕಟ್ಟುಗಳನ್ನು ನೋಡಿದರೆ ಅದು ತಿಳಿಯುತ್ತದೆ. ಪಾತ್ರ ಕೋಣೆಯಿಂದ ಹೊರಗೆ ಹೋದ ಮೇಲೂ ಕ್ಯಾಮೆರಾ ಒಂದು ಗಳಿಗೆ ಅಲ್ಲಿಯೇ ಉಳಿಯುತ್ತದೆ, ಖಾಲಿ ಕೋಣೆಯನ್ನು ನೋಡುತ್ತದೆ.

ಬಿ. ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದು, ಮುಂದೆ ತಮ್ಮ ಮೊದಲ ಚಿತ್ರಕ್ಕೆ ಕೈಹಾಕಿದಾಗ ಅವರಿಗಿನ್ನೂ ಇಪ್ಪತ್ತೇಳು ತುಂಬಿರಲಿಲ್ಲ. ಕನ್ನಡದಲ್ಲಿ ಆಗ ‘ಸಂಸ್ಕಾರ’, ‘ವಂಶವೃಕ್ಷ’, ‘ಕಾಡು’ ಬಂದಾಗಿತ್ತು. ಬ್ರಾಹ್ಮಣ ಅಗ್ರಹಾರದ ಕತೆ ಹೊಸದೇನೂ ಆಗಿರಲಿಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಎತ್ತಿಕೊಂಡ ಈ ಯುವಕ ಮಾಡಿದ ಜಾಣತನವೆಂದರೆ ಆ ಕತೆಯನ್ನು ನಾಣಿಯೆಂಬ ಪುಟ್ಟ ಹುಡುಗನ ಕಣ್ಣಿನಿಂದ ಕದಲಿಸದೇ ಇದ್ದದ್ದು. ಮುಂಬೈಯ ರಂಗಭೂಮಿಯಲ್ಲಿ ದುಡಿದಿದ್ದ ಸದಾನಂದ ಸುವರ್ಣ ಹಣ ಹಾಕಿದರು. ಎಸ್. ರಾಮಚಂದ್ರ ಕಪ್ಪು ಬಿಳುಪಿನಲ್ಲಿ ಚಿತ್ರಿಸಿದರು. ಕಾರಂತರು ಸಂಗೀತ ಕೊಟ್ಟರು.

ಉಡುಪರ ವೇದಪಾಠಶಾಲೆಗೆ ನಾಣಿ ಹೊಸದಾಗಿ ಬಂದು ಸೇರಿದ್ದಾನೆ. ಮನೆಯ ನೆನಪು, ದೊಡ್ಡ ಹುಡುಗರ ಕಾಟ, ಬಾಯಿಪಾಠ ಬಾರದಿದ್ದರೆ ಶಿಕ್ಷೆ. ಅಲ್ಲಿ ಅವನಿಗೆ ಇರುವ ಒಂದೇ ಆಸರೆ ಉಡುಪರ ಮಗಳು ಯಮುನಾ. ಅವಳು ವಿಧವೆ. ಶಾಲೆಯ ಮೇಷ್ಟರಿಂದ ಬಸುರಾಗಿದ್ದಾಳೆ. ಇದೆಲ್ಲ ನಾಣಿಗೆ ತಿಳಿಯುವುದಿಲ್ಲ. ತಿಳಿಯದಿದ್ದರೂ ಅವನು ಅವಳ ಹಿಂದೆ ಕಾಡಿಗೆ ಹೋಗುತ್ತಾನೆ, ರಾತ್ರಿಯಲ್ಲಿ ಕಾಯುತ್ತಾನೆ, ಅವಳು ಸಾಯಲೆಂದು ಹಾವಿನ ಹುತ್ತಕ್ಕೆ ಕೈಹಾಕಿದಾಗ ಕಂಗೆಡುತ್ತಾನೆ. ಊರಿನ ಹಿರಿಯರಿಗೆಲ್ಲ ಶಾಸ್ತ್ರ ಗೊತ್ತು. ಈ ಹುಡುಗನಿಗೆ ಯಮುನಕ್ಕ ಮಾತ್ರ ಗೊತ್ತು. ಮೀನಾ ಕುಟ್ಟಪ್ಪ ಯಮುನೆಯಾಗಿ ಮಾತು ಕಡಿಮೆ ಆಡುತ್ತಾರೆ. ಅವರ ಭಾರವೆಲ್ಲ ಹೆಗಲಿನಲ್ಲಿ, ಕುತ್ತಿಗೆಯಲ್ಲಿ, ಸೆರಗು ಎಳೆದುಕೊಳ್ಳುವ ಕೈಯಲ್ಲಿ ಕಾಣುತ್ತದೆ.

ಕೊನೆಗೆ ಬದುಕಿರುವ ಮಗಳಿಗೆ ಅಪ್ಪ ಶ್ರಾದ್ಧ ಮಾಡುತ್ತಾನೆ. ಮಗಳು ಸತ್ತಳೆಂದು ವಿಧಿಪೂರ್ವಕವಾಗಿ ಒಪ್ಪಿಕೊಂಡ ಅದೇ ಅಪ್ಪ ತನಗೊಂದು ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ತಲೆ ಬೋಳಿಸಿದ ಯಮುನಾ ಮರದ ಕೆಳಗೆ ಕುಳಿತಿದ್ದಾಳೆ, ನಾಣಿಯನ್ನು ಅವನ ತಂದೆ ಮನೆಗೆ ಕರೆದೊಯ್ಯುತ್ತಿದ್ದಾರೆ. ನೀನೂ ಬರುತ್ತೀಯಾ ಎಂದು ಕೇಳುವ ಹುಡುಗನಿಗೆ ಅವಳ ಬಳಿ ಉತ್ತರವಿಲ್ಲ. 1977ರ ಸ್ವರ್ಣಕಮಲ ಈ ಚಿತ್ರಕ್ಕೆ ಬಂತು. ಕಾರಂತರಿಗೂ ನಾಣಿಯಾಗಿ ನಟಿಸಿದ ಅಜಿತ್ ಕುಮಾರ್‌ಗೂ ರಾಷ್ಟ್ರಪ್ರಶಸ್ತಿ ಬಂತು.

ಈ ಚಿತ್ರವನ್ನು ತಬರನ ಜೊತೆಯಲ್ಲಿಟ್ಟು ನೋಡುವ ಅಭ್ಯಾಸ ನನಗೆ ಬಂದದ್ದು ಅಪ್ಪನ ಪಿಂಚಣಿಯ ದಿನಗಳಲ್ಲಿ. ಅಪ್ಪ ನಿವೃತ್ತರಾದ ಮೇಲೆ ಅವರ ಸೇವಾ ಪುಸ್ತಕದಲ್ಲಿ ಯಾವುದೋ ವರ್ಷದ ಒಂದು ಸಹಿ ಇರಲಿಲ್ಲವೆಂದು ಕಾಗದಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದವು. ಅವರು ಎಲ್ಲದರ ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅದನ್ನು ಎದೆಗೆ ಒತ್ತಿ ಹಿಡಿದು ಬಸ್ಸು ಹತ್ತುತ್ತಿದ್ದರು. ಪಿಂಚಣಿ ಶುರುವಾದ ಮೇಲೂ ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಬ್ಯಾಂಕಿಗೆ ಹೋಗಿ ಪ್ರಮಾಣಪತ್ರ ಕೊಡಬೇಕಿತ್ತು. ಆ ಸಾಲಿನಲ್ಲಿ ಅಪ್ಪನ ಜೊತೆ ನಿಂತಾಗ ನನಗೆ ಯಮುನಾ ನೆನಪಾದಳು. ಬದುಕಿರುವವರನ್ನು ಸತ್ತವರೆಂದು ಘೋಷಿಸಲು ಒಂದು ಕಡೆ ಮಂತ್ರ ಸಾಕು, ಇನ್ನೊಂದು ಕಡೆ ಒಂದು ಸಹಿಯ ಕೊರತೆ ಸಾಕು. ಅಗ್ರಹಾರದ ಕತೆಯಿಂದ ಸರ್ಕಾರಿ ಕಚೇರಿಯ ಕತೆಗೆ ಬರಲು ಕಾಸರವಳ್ಳಿಯವರಿಗೆ ಸುಮಾರು ಹತ್ತು ವರ್ಷ ಹಿಡಿಯಿತು. ವಿಷಯ ಬದಲಾಯಿತೇ ಹೊರತು ಅವರು ಕೇಳುತ್ತಿದ್ದ ಪ್ರಶ್ನೆ ಬದಲಾಗಲಿಲ್ಲ.

ನಡುವಿನ ಹತ್ತು ವರ್ಷದಲ್ಲಿ ‘ಆಕ್ರಮಣ’ ಬಂತು, ಯಶವಂತ ಚಿತ್ತಾಲರ ಕಾದಂಬರಿಯನ್ನು ಆಧರಿಸಿದ ‘ಮೂರು ದಾರಿಗಳು’ ಬಂತು. ತಬರನ ನಂತರ ಯಕ್ಷಗಾನ ಕಲಾವಿದನ ‘ಬಣ್ಣದ ವೇಷ’, ಆಮೇಲೆ ‘ಮನೆ’. ಈ ‘ಮನೆ’ಯನ್ನು ಜನ ಮರೆತುಬಿಟ್ಟಿದ್ದಾರೆ, ಅದು ನನಗೆ ಬೇಸರದ ವಿಷಯ. ನಾಸಿರುದ್ದೀನ್ ಶಾ ಮತ್ತು ದೀಪ್ತಿ ನವಲ್ ನಟಿಸಿದ ಚಿತ್ರ. ಕೂಡುಕುಟುಂಬದಿಂದ ದೂರವಾಗಿ ನಗರದಲ್ಲಿ ತಮ್ಮದೇ ಗೂಡು ಬೇಕೆಂದು ಬಂದ ಗಂಡ ಹೆಂಡತಿಗೆ ಪಕ್ಕದ ಸದ್ದಿನಿಂದ ನಿದ್ದೆಯಿಲ್ಲ. ಅಧಿಕಾರದಲ್ಲಿರುವವರ ಪರಿಚಯ ಬಳಸಿ ಆ ಸದ್ದನ್ನು ಅಡಗಿಸಲು ಹೋಗುತ್ತಾರೆ. ಒಮ್ಮೆ ಅಧಿಕಾರವನ್ನು ಮನೆಯೊಳಗೆ ಕರೆದ ಮೇಲೆ ಅದು ಹೊರಗೆ ಹೋಗಲು ಒಪ್ಪುವುದಿಲ್ಲ. ಬೆಂಗಳೂರು ಇಂದು ಏನಾಗಿದೆಯೋ ಅದರ ನೆರಳನ್ನು 1990ರ ಸುಮಾರಿಗೇ ಕಂಡಿದ್ದ ಚಿತ್ರ ಅದು.

1997ರ ‘ತಾಯಿಸಾಹೇಬ’ದಿಂದ ಮುಂದಿನ ಹತ್ತು ಹನ್ನೆರಡು ವರ್ಷ ಅವರ ಚಿತ್ರಗಳ ಕೇಂದ್ರದಲ್ಲಿ ಹೆಂಗಸರೇ ಇದ್ದಾರೆ. ಇದರಲ್ಲಿ ವೈಶಾಲಿ ಕಾಸರವಳ್ಳಿಯವರ ಪಾಲು ದೊಡ್ಡದು. ರಂಗಭೂಮಿಯಲ್ಲಿ ಪಳಗಿದ ನಟಿ, ಕಿರುತೆರೆಯ ನಿರ್ದೇಶಕಿ, ಅವರ ಬಾಳಸಂಗಾತಿ. ‘ತಾಯಿಸಾಹೇಬ’ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. 2010ರಲ್ಲಿ ಅವರು ತೀರಿಕೊಂಡರು. ಆ ಚಿತ್ರದಲ್ಲಿ ಜಯಮಾಲಾ ಉಟ್ಟ ಸೀರೆಗಳನ್ನು ಗಮನಿಸಿ ನೋಡಿ. ಉತ್ತರ ಕರ್ನಾಟಕದ ವಾಡೆಯೊಂದರ ಏಳುಬೀಳನ್ನು ಸೀರೆಯ ಅಂಚುಗಳೇ ಹೇಳುತ್ತವೆ. ಗಂಡ ಅಪ್ಪಾಸಾಹೇಬ ದೇಶದ ಸ್ವಾತಂತ್ರ್ಯಕ್ಕೆ ಹೋರಾಡುವವನು. ಮನೆಯ ಹೆಂಗಸಿನ ಸ್ವಾತಂತ್ರ್ಯದ ಮಾತು ಅವನ ತಲೆಗೆ ಬರುವುದೇ ಇಲ್ಲ. ಹೆಂಡತಿ ನರ್ಮದಾ ಅವನನ್ನು ದೂರುವುದಿಲ್ಲ, ಮನೆ ನಡೆಸಿಕೊಂಡು ಹೋಗುತ್ತಾಳೆ. ಕಟ್ಟಕಡೆಗೆ ಕಾನೂನು ಒಂದು ಕಡೆ, ಮನಸ್ಸಿಗೆ ಸರಿಯೆನಿಸಿದ್ದು ಇನ್ನೊಂದು ಕಡೆ ನಿಂತಾಗ, ಅವಳು ಮನಸ್ಸಿನ ಮಾತು ಕೇಳುತ್ತಾಳೆ. ಮೂರನೆಯ ಸ್ವರ್ಣಕಮಲ ಈ ಚಿತ್ರಕ್ಕೆ.

ನಾಲ್ಕನೆಯದು ‘ದ್ವೀಪ’ಕ್ಕೆ. ನಾ. ಡಿಸೋಜ ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಶರಾವತಿ ಕಣಿವೆ ಅಣೆಕಟ್ಟಿನ ನೀರಿನಲ್ಲಿ ಮುಳುಗುವುದನ್ನು ಕಣ್ಣಾರೆ ಕಂಡವರು. ಅವರ ಕಾದಂಬರಿಯಲ್ಲಿ ನೀರು ಏರುತ್ತಾ ಹೋಗುತ್ತದೆ. ಗುಡ್ಡದ ಮೇಲಿನ ಒಂದು ಕುಟುಂಬ ಮಾತ್ರ ಉಳಿಯುತ್ತದೆ. ಸಿನಿಮಾದಲ್ಲಿ ನಾಗಿಯಾಗಿ ನಟಿಸಿದ ಸೌಂದರ್ಯ ಅದರ ನಿರ್ಮಾಪಕಿಯೂ ಹೌದು. ತೆಲುಗು ತಮಿಳಿನಲ್ಲಿ ಉತ್ತುಂಗದಲ್ಲಿದ್ದ ನಟಿ ತನ್ನ ದುಡಿಮೆಯ ಹಣವನ್ನು ಹಾಡಿಲ್ಲದ, ಹೊಡೆದಾಟವಿಲ್ಲದ, ಮಳೆಯೇ ತುಂಬಿದ ಚಿತ್ರಕ್ಕೆ ಹಾಕಿದರು. 2004ರ ವಿಮಾನ ದುರಂತದಲ್ಲಿ ಅವರನ್ನು ಕಳೆದುಕೊಂಡಾಗ ನಾವು ಒಬ್ಬ ನಟಿಯನ್ನು ಕಳೆದುಕೊಂಡೆವು ಎಂದು ಎಲ್ಲರೂ ಬರೆದರು. ಒಬ್ಬ ಧೈರ್ಯವಂತ ನಿರ್ಮಾಪಕಿಯನ್ನೂ ಕಳೆದುಕೊಂಡೆವು ಎನ್ನುವುದನ್ನು ಕೆಲವರಷ್ಟೇ ಬರೆದರು.

‘ದ್ವೀಪ’ದ ಮಳೆಯ ಬಗ್ಗೆ ಹೇಳಲೇಬೇಕು. ಮಲೆನಾಡಿನಲ್ಲಿ ಬೆಳೆದವರಿಗೆ ಸಿನಿಮಾದ ಮಳೆ ಸಾಮಾನ್ಯವಾಗಿ ಸುಳ್ಳೆನಿಸುತ್ತದೆ. ಪೈಪಿನ ನೀರು ನೇರವಾಗಿ ಬೀಳುತ್ತದೆ, ನಾಯಕಿ ಒದ್ದೆಯಾಗುತ್ತಾಳೆ, ಹಾಡು ಮುಗಿಯುತ್ತಲೇ ಮಳೆಯೂ ನಿಲ್ಲುತ್ತದೆ. ಎಚ್. ಎಂ. ರಾಮಚಂದ್ರ ಇಲ್ಲಿ ಸೆರೆಹಿಡಿದ ಮಳೆ ಬೇರೆ. ಬೆಳಕು ಬೂದು ಬಣ್ಣಕ್ಕೆ ತಿರುಗಿ ಹಗಲೋ ಸಂಜೆಯೋ ತಿಳಿಯದಂತಾಗುತ್ತದೆ, ಗೋಡೆ ನೀರು ಕುಡಿದು ಕಪ್ಪಾಗುತ್ತದೆ, ಒಲೆಯ ಹೊಗೆ ಹೊರಹೋಗದೆ ಮನೆಯೊಳಗೇ ಸುತ್ತುತ್ತದೆ. ಅವರಿಗೆ ಬಂದ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಆ ಬೂದು ಬೆಳಕಿಗೇ ಬಂದದ್ದೆಂದು ನಾನು ತಿಳಿದಿದ್ದೇನೆ.

ನಾಗಿಯ ಗಂಡ ಗಣಪ ಗುಡ್ಡ ಬಿಡಲು ಒಪ್ಪದಿರುವುದಕ್ಕೆ ಕಾರಣವಿದೆ. ಅಲ್ಲಿ ಅವನು ದೇವರ ಪೂಜೆ ಮಾಡುವವನು, ಸುತ್ತಲಿನ ಜನ ಕೈಮುಗಿಯುವವನು. ಕೆಳಗೆ ಹೋದರೆ ಯಾರದೋ ಹಂಗಿನಲ್ಲಿ ಬದುಕಬೇಕಾದವನು. ಪರಿಹಾರದ ಲೆಕ್ಕ ಹಾಕುವ ಅಧಿಕಾರಿಯ ಪಟ್ಟಿಯಲ್ಲಿ ಮರಗಳಿಗೆ ಬೆಲೆಯಿದೆ, ಗೋಡೆಗೆ ಬೆಲೆಯಿದೆ, ಈ ಮರ್ಯಾದೆಗೆ ಕಾಲಮ್ಮಿಲ್ಲ. ಮುದುಕ ದುಗ್ಗಜ್ಜ ನೀರಿಗೇ ಸಂದುಹೋಗುತ್ತಾನೆ. ಉಳಿದವರನ್ನು ಆ ಮಳೆಗಾಲದುದ್ದಕ್ಕೂ ಬದುಕಿಸುವುದು ನಾಗಿಯ ಎರಡು ಕೈಗಳು. ಬೆಂಕಿ ಆರದಂತೆ ನೋಡಿಕೊಳ್ಳುವವಳು ಅವಳು, ಹುಲಿ ಸುಳಿದಾಡಿದ ರಾತ್ರಿ ಎಚ್ಚರವಿದ್ದವಳು ಅವಳು. ಮಳೆ ಹಿಂದೆ ಸರಿದ ಮುಂಜಾನೆ ಗಣಪ ದೇವರು ನಮ್ಮನ್ನು ಕಾಪಾಡಿದ ಎನ್ನುತ್ತಾನೆ. ಆಗ ನಾಗಿಯ ಮುಖದ ಮೇಲೆ ಹಾದುಹೋಗುವ ಭಾವಕ್ಕೆ ಸೌಂದರ್ಯ ಒಂದು ಮಾತನ್ನೂ ಬಳಸಿಲ್ಲ. ಅಣೆಕಟ್ಟಿನ ಕತೆ ಎಂದು ನೋಡಲು ಕುಳಿತ ನನಗೆ ಇದು ಒಂದು ಸಂಸಾರದ ಕತೆಯೂ ಹೌದೆಂದು ತಿಳಿದದ್ದು ಆ ಕೊನೆಯ ಗಳಿಗೆಯಲ್ಲಿ.

ಬಾನು ಮುಷ್ತಾಕರ ಕತೆ ‘ಕರಿ ನಾಗರಗಳು’ ಆಧರಿಸಿದ ‘ಹಸೀನಾ’ 2004ರದ್ದು. ಬಾನು ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲೆಡೆ ಅವರ ಕತೆಗಳನ್ನು ಹುಡುಕಿ ಓದುತ್ತಿದ್ದಾರೆ. ಇಪ್ಪತ್ತು ವರ್ಷ ಮೊದಲೇ ಅವರ ಕತೆಯೊಂದು ತೆರೆಗೆ ಬಂದಿತ್ತು, ತಾರಾ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದರು. ಗಂಡ ಕೈಬಿಟ್ಟ ಹೆಂಗಸು ತನ್ನ ಹಕ್ಕಿಗಾಗಿ ಮಸೀದಿಗೆ ಅರ್ಜಿ ಕೊಡುತ್ತಾಳೆ, ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನ್ಯಾಯಕ್ಕಾಗಿ ಕಾಯುತ್ತಾಳೆ. ಮಸೀದಿಯ ಆಡಳಿತ ನೋಡುವ ಮುತವಲ್ಲಿಗೆ ಆ ಅರ್ಜಿ ಓದಲು ಬಿಡುವಿಲ್ಲ. ತಬರ ತಿರುಗಿದ ಕಚೇರಿಗೂ ಈ ಮಸೀದಿಯ ಅಂಗಳಕ್ಕೂ ನಡುವೆ ಇರುವ ದೂರ ಎಷ್ಟು ಕಡಿಮೆ ಎಂದು ಈ ಚಿತ್ರ ನೋಡಿದರೆ ತಿಳಿಯುತ್ತದೆ. ಭೈರಪ್ಪನವರ ‘ನಾಯಿ ನೆರಳು’ ಕಾದಂಬರಿಯನ್ನು ಕೈಗೆತ್ತಿಕೊಂಡಾಗಲೂ ಕಾಸರವಳ್ಳಿ ಪುನರ್ಜನ್ಮ ನಿಜವೋ ಸುಳ್ಳೋ ಎಂಬ ಚರ್ಚೆಗೆ ಇಳಿಯಲಿಲ್ಲ. ಸತ್ತ ಗಂಡನೇ ಮತ್ತೆ ಹುಟ್ಟಿ ಬಂದಿದ್ದಾನೆ ಎಂದು ಮನೆಯವರೆಲ್ಲ ಹೇಳುವಾಗ, ಮಗನ ವಯಸ್ಸಿನ ಆ ಹುಡುಗನನ್ನು ವಿಧವೆ ವೆಂಕಟಲಕ್ಷ್ಮಿ ಏಕೆ ಒಪ್ಪಿಕೊಂಡಳು ಎಂಬಲ್ಲಿಗೆ ಅವರ ಗಮನ ಹೋಯಿತು. ಮೂಲ ಲೇಖಕರ ಒಲವು ಒಂದು ಕಡೆಗಿದ್ದರೆ ನಿರ್ದೇಶಕರ ಒಲವು ಇನ್ನೊಂದು ಕಡೆಗೆ. ಹಾಗಿದ್ದೂ ಕತೆಯನ್ನು ಅವರು ಗೇಲಿ ಮಾಡಲಿಲ್ಲ, ಮುರಿಯಲಿಲ್ಲ. ಅದರೊಳಗೆ ಮೌನವಾಗಿದ್ದವಳ ಪಕ್ಕಕ್ಕೆ ಹೋಗಿ ಕುಳಿತರು.

ಈ ಬಗೆಯ ಓದು ಅತ್ಯಂತ ಧೈರ್ಯದಿಂದ ನಡೆದಿರುವುದು ‘ಗುಲಾಬಿ ಟಾಕೀಸ್’ನಲ್ಲಿ. ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕತೆಯಲ್ಲಿ ಸಣ್ಣ ಊರಿಗೆ ಸಿನಿಮಾ ಟಾಕೀಸು ಬರುತ್ತದೆ, ಹೆಂಗಸರ ಲೋಕದಲ್ಲಿ ಅಲೆಗಳೇಳುತ್ತವೆ. ಕಾಸರವಳ್ಳಿ ಟಾಕೀಸನ್ನು ತೆಗೆದು ಟಿ. ವಿ. ತಂದರು. ಕಾಲವನ್ನು ಕಾರ್ಗಿಲ್ ಯುದ್ಧದ ದಿನಗಳಿಗೆ ತಂದರು. ಗುಲಾಬಿಯನ್ನು ಮುಸ್ಲಿಂ ಸೂಲಗಿತ್ತಿಯಾಗಿಸಿ ಕುಂದಾಪುರ ಕಡೆಯ ಮೀನುಗಾರರ ದ್ವೀಪವೊಂದರಲ್ಲಿ ಒಂಟಿಯಾಗಿ ಕೂರಿಸಿದರು. ಇಷ್ಟೆಲ್ಲ ಬದಲಾದ ಮೇಲೆ ಇದು ವೈದೇಹಿಯವರ ಕತೆಯೇ ಎಂದು ಕೇಳಿದವರಿದ್ದಾರೆ. ಹೌದು ಎಂದೇ ನನ್ನ ಉತ್ತರ. ಪರದೆಯ ಮೇಲಿನ ಬೆಳಕು ಹೆಂಗಸರಿಗೆ ಕೊಡುವ ಬಿಡುಗಡೆಯೂ ಊರಿಗೆ ಅದರಿಂದ ಹುಟ್ಟುವ ಭಯವೂ ಹಾಗೆಯೇ ಉಳಿದಿವೆ.

ಗುಲಾಬಿಗೆ ಸಿನಿಮಾದ ಹುಚ್ಚು. ಹೆರಿಗೆ ಮಾಡಿಸಿದ ಉಪಕಾರಕ್ಕೆ ಸಿರಿವಂತರ ಮನೆಯವರು ಬಣ್ಣದ ಟಿ. ವಿ.ಯನ್ನೂ ಡಿಶ್ ಆಂಟೆನಾವನ್ನೂ ಕೊಡುತ್ತಾರೆ. ದ್ವೀಪದ ಆ ಬಡ ಮನೆಯ ಮೇಲೆ ದೊಡ್ಡ ತಟ್ಟೆ ಆಕಾಶಕ್ಕೆ ಮುಖಮಾಡಿ ನಿಲ್ಲುತ್ತದೆ. ಗಂಡಸರು ಮೀನಿಗೆ ಹೋದ ಹೊತ್ತಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ, ಕೆಲವರಿಗೆ ಮುಸ್ಲಿಮಳ ಮನೆಯ ಹೊಸ್ತಿಲು ದಾಟಲು ಹಿಂಜರಿಕೆ, ಅವರು ಹೊರಗಿನಿಂದಲೇ ಇಣುಕುತ್ತಾರೆ. ಆ ಇಣುಕುವ ಹೆಂಗಸರನ್ನು ಕ್ಯಾಮೆರಾ ಒಳಗಿನಿಂದ ನೋಡುತ್ತದೆ. ನೂರು ಸಂಭಾಷಣೆಯಲ್ಲಿ ಹೇಳಲಾಗದ ಕರಾವಳಿಯ ಚರಿತ್ರೆ ಆ ಒಂದು ಚೌಕಟ್ಟಿನಲ್ಲಿದೆ. ಹೊರಗೆ ಟ್ರಾಲರುಗಳು ಬಂದು ಸಣ್ಣ ದೋಣಿಗಳ ಹೊಟ್ಟೆಗೆ ಕಲ್ಲು ಬೀಳುತ್ತಿದೆ, ಯುದ್ಧದ ಸುದ್ದಿ ಬರುತ್ತಿದೆ, ನೆರೆಹೊರೆಯವರ ಮಾತಿನಲ್ಲಿ ‘ಅವರು’, ‘ನಾವು’ ಎಂಬ ಪದಗಳು ನುಸುಳುತ್ತಿವೆ. ಹಾಗೆ ಟಿ. ವಿ. ನೋಡಲು ಬರುತ್ತಿದ್ದ ನೇತ್ರು (ಎಂ. ಡಿ. ಪಲ್ಲವಿ) ಕಾಣೆಯಾದಾಗ ಊರಿನ ಬೆರಳು ಗುಲಾಬಿಯ ಕಡೆಗೆ ತಿರುಗುತ್ತದೆ. ದ್ವೀಪದ ಮಕ್ಕಳನ್ನು ತನ್ನ ಕೈಯಾರೆ ಭೂಮಿಗೆ ತಂದವಳನ್ನು ಆ ದ್ವೀಪವೇ ದೋಣಿ ಹತ್ತಿಸಿ ಕಳಿಸುತ್ತದೆ.

ಉಮಾಶ್ರೀಯವರನ್ನು ಕನ್ನಡದ ವ್ಯಾಪಾರಿ ಸಿನಿಮಾ ಬಹುಕಾಲ ಹಾಸ್ಯದ ಪಾತ್ರಗಳಿಗೆ ಸೀಮಿತಗೊಳಿಸಿತ್ತು. ರಂಗದ ಮೇಲೆ ದೇವನೂರರ ‘ಒಡಲಾಳ’ದ ಸಾಕವ್ವನಾಗಿ ಅವರನ್ನು ಕಂಡವರಿಗೆ ಅವರ ಅಳತೆ ಗೊತ್ತಿತ್ತು. ಗುಲಾಬಿಯಲ್ಲಿ ಅದು ಎಲ್ಲರಿಗೂ ಗೊತ್ತಾಯಿತು, ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿಯೂ ಬಂತು. ಸಿನಿಮಾ ನೋಡುವಾಗ ಗುಲಾಬಿಯ ಮುಖ ಅರಳುವ ರೀತಿಯನ್ನು ನೋಡಿ. ಕಷ್ಟದ ಹೆಂಗಸನ್ನು ತೋರಿಸುವಾಗ ಅವಳ ಸಂತೋಷವನ್ನೂ ಇಷ್ಟು ಧಾರಾಳವಾಗಿ ತೋರಿಸುವ ನಿರ್ದೇಶಕರು ನಮ್ಮಲ್ಲಿ ಹೆಚ್ಚಿಲ್ಲ.

ಗೋಪಾಲಕೃಷ್ಣ ಪೈಯವರ ಕತೆಯಿಂದ ಬಂದ ‘ಕನಸೆಂಬೋ ಕುದುರೆಯನೇರಿ’ಯಲ್ಲಿ ನಂಬಿಕೆ ಇನ್ನೊಂದು ತಿರುವು ಪಡೆಯುತ್ತದೆ. ಈರ್ಯ ಗೋರಿ ತೋಡುವವನು. ಕನಸಿನಲ್ಲಿ ಸಿದ್ಧನೆಂಬ ಸಾಧು ಬಂದರೆ ಊರಿನಲ್ಲಿ ಸಾವು ನಡೆದಿದೆ ಎಂದೇ ಅವನ ಲೆಕ್ಕ, ಆ ಲೆಕ್ಕ ಎಂದೂ ತಪ್ಪಿದ್ದಿಲ್ಲ. ಒಂದು ದಿನ ಕನಸು ಬೀಳುತ್ತದೆ, ಸಾವು ಮಾತ್ರ ಆಗಿಲ್ಲ ಎನ್ನುತ್ತಾರೆ. ಕನಸೇ ಸುಳ್ಳಾದರೆ ತಾನು ಬದುಕುವುದು ಯಾವುದನ್ನು ನಂಬಿ ಎಂದು ಈರ್ಯ, ಅವನ ಹೆಂಡತಿ ರುದ್ರಿ ತತ್ತರಿಸುತ್ತಾರೆ. ಆಮೇಲೆ ಚಿತ್ರ ಹಿಂದಕ್ಕೆ ಹೋಗಿ ಅದೇ ದಿನಗಳನ್ನು ಗೌಡರ ಮನೆಯ ಒಳಗಿನಿಂದ ತೋರಿಸುತ್ತದೆ. ಸಾವು ಆಗಿತ್ತು. ದೊಡ್ಡವರು ತಮ್ಮ ಅನುಕೂಲಕ್ಕೆ ಅದನ್ನು ಮುಚ್ಚಿ ಇಟ್ಟಿದ್ದರು. ಕನಸು ನಿಜ ಹೇಳಿತ್ತು, ವಿದ್ಯಾವಂತರ ಮನೆ ಸುಳ್ಳು ಹೇಳಿತ್ತು. ವೈಜನಾಥ ಬಿರಾದಾರರಂಥ ನಟನಿಗೆ ಈರ್ಯನ ಪಾತ್ರ ಸಿಕ್ಕಿದ್ದು ಅವರ ಭಾಗ್ಯವೋ ನಮ್ಮ ಭಾಗ್ಯವೋ ಹೇಳಲಾರೆ. ವಿಚಾರವಾದಿಗಳ ಪರಂಪರೆಯಿಂದ ಬಂದ ನಿರ್ದೇಶಕರೊಬ್ಬರು ಬಡವನ ಕನಸಿನ ಪರವಾಗಿ ಸಾಕ್ಷಿ ಹೇಳಿದ ಈ ಚಿತ್ರ, ನನ್ನ ಮಟ್ಟಿಗೆ, ಅವರ ಕಡೆಯ ಘಟ್ಟದ ಅತ್ಯುತ್ತಮ ಕೆಲಸ.

ಕುಂ. ವೀರಭದ್ರಪ್ಪನವರ ಕತೆಯ ‘ಕೂರ್ಮಾವತಾರ’ ನನಗೆ ಅಷ್ಟು ಹಿಡಿಸಲಿಲ್ಲ. ನಿವೃತ್ತಿಯ ಅಂಚಿನಲ್ಲಿರುವ ನೌಕರನೊಬ್ಬ ಗಾಂಧೀಜಿಯನ್ನು ಹೋಲುತ್ತಾನೆಂದು ಧಾರಾವಾಹಿಯಲ್ಲಿ ಗಾಂಧಿಯ ಪಾತ್ರ ಹಾಕುತ್ತಾನೆ, ಜನ ಅವನನ್ನು ನಿಜವಾದ ಗಾಂಧಿಯಂತೆ ನೋಡತೊಡಗುತ್ತಾರೆ. ಶಿಕಾರಿಪುರ ಕೃಷ್ಣಮೂರ್ತಿಯವರ ಅಭಿನಯ ಚೆನ್ನಾಗಿದೆ, ಪ್ರಶ್ನೆಯೂ ದೊಡ್ಡದು. ಆದರೆ ಪ್ರತಿ ಪಾತ್ರವೂ ಒಂದು ವಾದವನ್ನು ಹೊತ್ತು ಬಂದಂತೆ ಕಾಣುತ್ತದೆ, ‘ದ್ವೀಪ’ದಲ್ಲಿದ್ದ ಬಿಡುವು ಇಲ್ಲಿಲ್ಲ. ಜಯಂತ ಕಾಯ್ಕಿಣಿಯವರ ‘ಹಾಲಿನ ಮೀಸೆ’ ಆಧರಿಸಿದ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ 2020ರಲ್ಲಿ ಬಂದಾಗ ಆ ಬಿಡುವು ಮರಳಿತ್ತು. ಹಳ್ಳಿಯಿಂದ ಇನ್ನೊಬ್ಬರ ಮನೆಗೆಲಸಕ್ಕೆ ಹೋದ ಬಾಲಕ ಎರಡೂ ಕಡೆಗೆ ಸಲ್ಲದವನಾಗುವುದನ್ನು ಅವರು ಅವಸರವಿಲ್ಲದೆ ನೋಡುತ್ತಾರೆ. ನಾಣಿಯ ವಯಸ್ಸಿನ ಹುಡುಗ, ನಾಲ್ಕು ದಶಕದ ನಂತರ.

ನಾಲ್ಕು ಸ್ವರ್ಣಕಮಲ, ಪದ್ಮಶ್ರೀ, ದೇಶವಿದೇಶಗಳ ಉತ್ಸವಗಳು. ಇಷ್ಟಿದ್ದೂ ಈ ಚಿತ್ರಗಳನ್ನು ಕನ್ನಡದವರು ನೋಡಿದ್ದು ಹೇಗೆ? ನಾನು ಮೊದಲು ನೋಡಿದ್ದು ದೂರದರ್ಶನದಲ್ಲಿ, ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ತೋರಿಸುತ್ತಿದ್ದ ಕಾಲದಲ್ಲಿ. ಊಟ ಮುಗಿಸಿ ಮನೆಮಂದಿ ಅರ್ಧ ನಿದ್ದೆಯಲ್ಲಿ ನೋಡುತ್ತಿದ್ದ ಹೊತ್ತು ಅದು. ಚಿತ್ರಮಂದಿರದಲ್ಲಿ ಸಿಕ್ಕಿದ್ದು ಕಡಿಮೆ, ಸಿಕ್ಕರೂ ಬೆಳಗಿನ ಆಟ, ಕೆಲವೇ ದಿನ. ನಿಧಾನದ ಸಿನಿಮಾ, ಜನಕ್ಕೆ ಹಿಡಿಸುವುದಿಲ್ಲ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಇಡೀ ರಾತ್ರಿ ಬಯಲಾಟ ನೋಡುವ, ಸಂಜೆಯಿಂದ ಬೆಳಗಿನವರೆಗೆ ಹರಿಕತೆ ಕೇಳುವ ಜನ ನಾವು. ತೋರಿಸದೆ ಹಿಡಿಸುವುದಿಲ್ಲ ಎಂದರೆ ಹೇಗೆ?

2024ರಲ್ಲಿ ‘ಘಟಶ್ರಾದ್ಧ’ದ ಹಳೆಯ ಪ್ರತಿಯನ್ನು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಭಾರತದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಪುನರುಜ್ಜೀವಗೊಳಿಸಿ ವೆನಿಸ್ ಉತ್ಸವದಲ್ಲಿ ತೋರಿಸಿದವು. ನಿರ್ಮಾಪಕ ಸದಾನಂದ ಸುವರ್ಣ ಅದಕ್ಕೆ ಕೆಲವು ವಾರ ಮೊದಲು ತೀರಿಕೊಂಡಿದ್ದರು. ಒಂದು ಚಿತ್ರ ಉಳಿಯಿತು. ‘ತಾಯಿಸಾಹೇಬ’, ‘ದ್ವೀಪ’, ‘ಮನೆ’ಗಳಿಗೂ ಇಂಥದೇ ಆರೈಕೆ ಬೇಕು. ಅದಕ್ಕೆ ವಿದೇಶದವರನ್ನೇ ಕಾಯಬೇಕಿಲ್ಲ. ನಮ್ಮದೇ ಸರ್ಕಾರವಿದೆ, ಚಲನಚಿತ್ರ ಅಕಾಡೆಮಿಯಿದೆ, ಕನ್ನಡದ ಕತೆಗಳನ್ನು ಪಠ್ಯವಾಗಿಸುವ ವಿಶ್ವವಿದ್ಯಾಲಯಗಳಿವೆ. ಕತೆಯನ್ನು ಓದಿಸಿ, ಮರುದಿನ ಚಿತ್ರವನ್ನು ತೋರಿಸಿ, ನಿರ್ದೇಶಕರು ಏನನ್ನು ಬಿಟ್ಟರು, ಏನನ್ನು ಸೇರಿಸಿದರು ಎಂದು ಹುಡುಗರನ್ನು ಕೇಳಿದರೆ ಒಂದು ಇಡೀ ಸೆಮಿಸ್ಟರಿನ ಪಾಠ ಅಲ್ಲಿಯೇ ಸಿಗುತ್ತದೆ.

ನನಗೆ ಇನ್ನೊಂದು ಆಸೆಯಿದೆ. ‘ಗುಲಾಬಿ ಟಾಕೀಸ್’ ಅನ್ನು ಕುಂದಾಪುರದ ಆಸುಪಾಸಿನ ಯಾವುದಾದರೂ ಬಂದರಿನಲ್ಲಿ, ಮೀನು ಮಾರಿ ಮುಗಿಸಿ ಬಂದ ಹೆಂಗಸರ ನಡುವೆ ಕುಳಿತು ನೋಡಬೇಕು. ಅದರ ಭಾಷೆ ಅವರದೇ. ಅವರು ಎಲ್ಲಿ ನಗುತ್ತಾರೆ, ಎಲ್ಲಿ ಪಕ್ಕದವರನ್ನು ತಿವಿಯುತ್ತಾರೆ, ನೇತ್ರು ಕಾಣೆಯಾದದ್ದಕ್ಕೆ ಯಾರನ್ನು ಬೈಯುತ್ತಾರೆ, ಗುಲಾಬಿಯನ್ನು ದೋಣಿ ಹತ್ತಿಸುವಾಗ ಏನನ್ನುತ್ತಾರೆ ಎಂದು ನನಗೆ ತಿಳಿಯಬೇಕಾಗಿದೆ.